ಬೇಳೆ ಪ್ಯಾಕೆಟ್‌ಗೆ ಟಿಎಸ್‌ಸಿ ಟಿಟಿಪಿ-244 ಪ್ರೊ: ಯಂತ್ರ ಗಟ್ಟಿ, ಚುಕ್ಕಿಯ ಲೆಕ್ಕ ನಿಮ್ಮದು

ಕಲಬುರಗಿಯಲ್ಲಿ ತೊಗರಿ ಬೇಳೆಯನ್ನು ಅರ್ಧ ಕಿಲೋ, ಒಂದು ಕಿಲೋ ಪ್ಯಾಕ್ ಮಾಡಿ ಮಾರುವವರಿಗೆ ಈ ಲೇಬಲ್ ಪ್ರಿಂಟರ್ ಧಾರಾಳ ಸಾಕು. 108 ಮಿ.ಮೀ. ಅಗಲದವರೆಗೆ ಮುದ್ರಿಸುತ್ತದೆ, ವೇಗ ಸೆಕೆಂಡಿಗೆ 5 ಇಂಚು, ಮಸಿ ಸವರಿದ 300 ಮೀಟರ್ ರಿಬ್ಬನ್ ಹಿಡಿಯುತ್ತದೆ. ಪರದೆ ಇಲ್ಲ; ಒಂದು ಬಟನ್, ಒಂದು ದೀಪ ಅಷ್ಟೇ. ಕೆಲಸದ ಹುಡುಗರಿಗೆ ಕಲಿಸುವುದು ಸುಲಭ. ಆದರೆ ದೀಪ ಕೆಂಪಾಗಿ ಮಿಣುಕಿದರೆ ಮುಗಿದದ್ದು ಲೇಬಲ್ಲೋ ರಿಬ್ಬನ್ನೋ ಎಂದು ಮುಚ್ಚಳ ತೆಗೆದೇ ನೋಡಬೇಕು.

ಬಾರ್‌ಕೋಡ್ ‘ಸ್ಕ್ಯಾನ್ ಆಗ್ತಿಲ್ಲ’ ಎಂಬ ದೂರಿನ ಮೂಲ ಬಹಳ ಸಲ ಯಂತ್ರದಲ್ಲಿರುವುದಿಲ್ಲ, ಡಿಸೈನಿನಲ್ಲಿರುತ್ತದೆ. ಇದು 203 ಡಿಪಿಐ, ಅಂದರೆ ಇಂಚಿಗೆ 203 ಚುಕ್ಕಿ: ಒಂದು ಮಿ.ಮೀ.ಗೆ 8 ಚುಕ್ಕಿ, ಒಂದೊಂದು ಚುಕ್ಕಿ 0.125 ಮಿ.ಮೀ. ಅಂಗಡಿ ಸರಕಿನ ಮೇಲಿರುವ 13 ಅಂಕಿಯ ಇಎಎನ್-13 ಕೋಡಿನ ಅತಿ ಸಣ್ಣ ಗೆರೆಯ ಪ್ರಮಾಣಿತ ಅಗಲ 0.33 ಮಿ.ಮೀ., ಅಂದರೆ 2.64 ಚುಕ್ಕಿ. ಚುಕ್ಕಿ ಮೂಡಿಸುವ ಹೆಡ್‌ಗೆ ಅರ್ಧ ಚುಕ್ಕಿ ಗೊತ್ತಿಲ್ಲ. ಒಂದು ಗೆರೆ 2, ಪಕ್ಕದ್ದು 3 ಚುಕ್ಕಿಯಾಗಿ ಅಳತೆ ಕೆಡುತ್ತದೆ. ಎಲ್ಲವನ್ನೂ 2ಕ್ಕೆ ಇಳಿಸಿದರೆ 0.25 ಮಿ.ಮೀ., ಅದು ಸಾಮಾನ್ಯ ಕನಿಷ್ಠ ಮಿತಿಯಾದ 0.264ಕ್ಕಿಂತ ಕಡಿಮೆ. ಉಳಿಯುವುದು 3 ಚುಕ್ಕಿ, 0.375. ಆಗ ಎಡಬಲ ಬಿಡಬೇಕಾದ ಖಾಲಿ ಜಾಗವೂ ಸೇರಿ ಕೋಡಿಗೆ ಸುಮಾರು 42.4 ಮಿ.ಮೀ. ಬೇಕು. 38×25 ಮಿ.ಮೀ. ಲೇಬಲ್ಲಿನಲ್ಲಿ ಅದು ಹಿಡಿಸದು. 50×25 ರೋಲನ್ನೇ ಕೇಳಿ. ಲೇಬಲ್ ಡಿಸೈನ್ ಮಾಡುವ ಬಾರ್‌ಟೆಂಡರ್ ಸಾಫ್ಟ್‌ವೇರ್‌ನಲ್ಲಿ ಕೋಡಿನ ಮೂಲೆ ಹಿಡಿದು ಎಳೆಯಬೇಡಿ, ಗೆರೆಯ ಅಗಲವನ್ನು ಅಂಕಿಯಲ್ಲೇ ಕೊಡಿ. ಡಿಟಿಪಿ ಅಂಗಡಿಯವರು ಕಳಿಸಿದ ಜೆಪಿಜಿ ಚಿತ್ರ ಅಂಟಿಸಿದರಂತೂ ಈ ಲೆಕ್ಕವೆಲ್ಲ ನೀರುಪಾಲು.

ಸೂಪರ್‌ಮಾರ್ಕೆಟ್‌ಗೆ ಮಾಲು ಕಳಿಸುವವರಿಗೆ ಮಾತ್ರ ಬಾರ್‌ಕೋಡ್ ಸಂಖ್ಯೆ ಕೊಡುವ ಸಂಸ್ಥೆ ಜಿಎಸ್1 ಇಂಡಿಯಾದಿಂದ ಪಡೆದ, 890ರಿಂದ ಶುರುವಾಗುವ ಸಂಖ್ಯೆ ಬೇಕು. ಸ್ವಂತ ಕೌಂಟರಿನ ಬಿಲ್ಲಿಂಗ್‌ಗಾದರೆ ಕೋಡ್ 128 ಎಂಬ ಬಗೆಯ ಬಾರ್‌ಕೋಡ್ ಸಾಕು. ಎಂಟು ಅಂಕಿಯ ಸಂಖ್ಯೆ 2 ಚುಕ್ಕಿಯ ಗೆರೆಯಲ್ಲಿ, ಖಾಲಿ ಜಾಗ ಸೇರಿ 25 ಮಿ.ಮೀ. ಒಳಗೇ ಕೂರುತ್ತದೆ. ಅಂಕಿಯ ಬದಲು ಎಂಟು ಇಂಗ್ಲಿಷ್ ಅಕ್ಷರಗಳಿದ್ದರೆ ಸುಮಾರು 36 ಮಿ.ಮೀ. ಐಟಂ ಕೋಡಿಗೆ ಅಂಕಿಯನ್ನೇ ಇಟ್ಟುಕೊಳ್ಳುವುದು ಜಾಣತನ.

ಎಕ್ಸೆಲ್ ಪಟ್ಟಿಯಿಂದ ಮುದ್ರಿಸುವವರು ಕೋಡ್ ಇರುವ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಡಿ. ಇಲ್ಲವಾದರೆ ಸಂಖ್ಯೆಯ ಆರಂಭದ ಸೊನ್ನೆಗಳು ಹಾರಿಹೋಗುತ್ತವೆ.

ರೋಲ್ ಬದಲಿಸಿ ಲೇಬಲ್ ಅಳತೆ ಬೇರೆಯಾದರೆ ಸೆನ್ಸರ್ ಅನ್ನು ಹೊಸ ಅಳತೆಗೆ ಹೊಂದಿಸಲೇಬೇಕು (ಕ್ಯಾಲಿಬ್ರೇಟ್). ಮಾಡದಿದ್ದರೆ ಲೇಬಲ್ ನಡುವಿನ ಗ್ಯಾಪ್ ಸಿಗದೆ ಮುದ್ರಣ ಕೆಳಗೆ ಜಾರುತ್ತದೆ, ಇಲ್ಲವೇ ಖಾಲಿ ಲೇಬಲ್‌ಗಳು ಓಡುತ್ತವೆ. ಇಲ್ಲಿ ಬೇಕಾದ ರಿಬ್ಬನ್ ಎಂದರೆ ಮಸಿಯ ಮುಖ ಸುರುಳಿಯ ಹೊರಬದಿಗೆ ಇರುವಂಥದ್ದು. ಗೊತ್ತಾಗದಿದ್ದರೆ ಲೇಬಲ್ಲಿನ ಅಂಟನ್ನು ರಿಬ್ಬನ್‌ಗೆ ಒತ್ತಿ ಕಿತ್ತು ನೋಡಿ. ಮಸಿ ಬಂದ ಮುಖವೇ ಮಸಿಯ ಮುಖ. ಕ್ರೋಮೊ (ನುಣುಪು ಲೇಪನದ ಕಾಗದ) ಲೇಬಲ್‌ಗೆ ಮೇಣದ ಮಸಿಯ ವ್ಯಾಕ್ಸ್ ರಿಬ್ಬನ್ ಸಾಕು, ಪ್ಯಾಕೆಟ್‌ಗಳು ಒಂದಕ್ಕೊಂದು ಉಜ್ಜುತ್ತ ಲಾರಿಯಲ್ಲಿ ದೂರ ಹೋಗುವುದಿದ್ದರೆ ಉಜ್ಜಿದರೂ ಬೇಗ ಅಳಿಸದ ವ್ಯಾಕ್ಸ್-ರೆಸಿನ್. ರಿಬ್ಬನ್ ಬೇಡದ, ಶಾಖಕ್ಕೆ ತಾನೇ ಕಪ್ಪಾಗುವ ಡೈರೆಕ್ಟ್ ಥರ್ಮಲ್ ಲೇಬಲ್ ಅಗ್ಗವೇನೋ ಹೌದು, ಆದರೆ ನಮ್ಮ ಮೇ ತಿಂಗಳ ಬಿಸಿಲಲ್ಲಿ ನಿಂತ ವ್ಯಾನಿನೊಳಗೆ ಅದು ಕಪ್ಪಡರಲು ತಡವಿಲ್ಲ.

ಮಸುಕಾಯಿತೆಂದು ಡಾರ್ಕ್‌ನೆಸ್ (ಮುದ್ರಣದ ಗಾಢತೆ) ಅನ್ನು ಒಮ್ಮೆಲೇ ಏರಿಸುವುದು ಎಲ್ಲರ ಚಾಳಿ. 8ರ ಸುತ್ತ ಶುರು ಮಾಡಿ, ಒಂದೊಂದೇ ಏರಿಸಿ. ಮಿತಿ ಮೀರಿದರೆ ಗೆರೆ ಊದಿ ನಡುವಿನ ಬಿಳಿ ಮುಚ್ಚುತ್ತದೆ, ಹೆಡ್ ಕೂಡ ಬೇಗ ಸವೆಯುತ್ತದೆ. ಮೊದಲು ವೇಗ ಇಳಿಸಿ ನೋಡುವುದು ಮೇಲು.

ಮಿಲ್ಲಿನೊಳಗೆ ಇಡುವುದಾದರೆ ಬೇಳೆ ಹೊಟ್ಟಿನ ಧೂಳೇ ದೊಡ್ಡ ಶತ್ರು. ಪ್ರತಿ ರಿಬ್ಬನ್ ಬದಲಿಸುವಾಗ ಸ್ವಿಚ್ ಆಫ್ ಮಾಡಿ, ಹೆಡ್ ಆರಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತನೆಯ ಬಟ್ಟೆಯಿಂದ ಒರೆಸಿ. ಅಂಟಿಕೊಂಡ ಲೇಬಲ್ಲನ್ನು ಬ್ಲೇಡಿನಿಂದ ಕೆರೆದರೆ ಹೆಡ್ ಹೋಯಿತೆಂದೇ ಲೆಕ್ಕ. ಒರೆಸಿದ ಮೇಲೂ ಲೇಬಲ್ ಉದ್ದಕ್ಕೂ ಒಂದೇ ಜಾಗದಲ್ಲಿ ಬಿಳಿ ಗೆರೆ ಬರುತ್ತಿದ್ದರೆ ಆ ಚುಕ್ಕಿ ಸತ್ತಿದೆ, ಹೆಡ್ ಬದಲಿಸದೆ ಗತಿಯಿಲ್ಲ. ಹಾಗಾಗಿ ಯಂತ್ರದ ಬೆಲೆ ಚೌಕಾಸಿ ಮಾಡುವಾಗಲೇ ಹೆಡ್ಡಿನ ಬೆಲೆಯನ್ನೂ, ಊರಲ್ಲೇ ಸಿಗುತ್ತದೋ ತರಿಸಬೇಕೋ ಎಂಬುದನ್ನೂ ಕೇಳಿಕೊಳ್ಳಿ.