ಮೆಣಸಿನ ಬಳ್ಳಿಗೆ ಟ್ರೈಕೋಡರ್ಮಾ: ಆರು ಮಳೆಗಾಲ ಹಾಕಿ ನೋಡಿದ ಮೇಲೆ

ಶಿರಸಿ ಕಡೆಯ ಅಡಿಕೆ ತೋಟ ನಮ್ಮದು. 2019ರ ಆಗಸ್ಟ್ ಮಳೆ ನೆನಪಿರಬೇಕಲ್ವಾ? ಆ ವರ್ಷ ಕೆಳಗಿನ ತೋಟದ ಕಾಳುಮೆಣಸು ಸೊರಗು ರೋಗಕ್ಕೆ ಸಾಲುಸಾಲೇ ಹೋಯಿತು. ಪಣಿಯೂರು ತಳಿಯ ಬಳ್ಳಿಗಳು ಮೊದಲು ಒಣಗಿದವು. ಮಾವನವರು ನೆಟ್ಟಿದ್ದ ಮಲ್ಲಿಗೆಸರ ತಳಿ ಒಂದಿಷ್ಟು ತಡೆದುಕೊಂಡಿತು. ಮರುವರ್ಷದಿಂದ ಟ್ರೈಕೋಡರ್ಮಾ ಹಾಕುತ್ತಿದ್ದೇನೆ, ಅದು ಬೇರಿನ ರೋಗ ತಡೆಯುವ ಒಳ್ಳೆಯ ಶಿಲೀಂಧ್ರ.

ಉಳಿದ ವಿವರ ಪ್ಯಾಕೆಟ್ ಮೇಲೇ ಇರುತ್ತದೆ. ನನಗೆ ಹೇಳಬೇಕಾಗಿರುವುದು ಗೊಬ್ಬರದ ರಾಶಿಯ ಬಗ್ಗೆ.

90 ಕೆಜಿ ಹಳೇ ಕೊಟ್ಟಿಗೆ ಗೊಬ್ಬರ, 10 ಕೆಜಿ ಬೇವಿನ ಹಿಂಡಿ, 1 ಕೆಜಿ ಟ್ರೈಕೋಡರ್ಮಾ ಪುಡಿ. ನೆರಳಲ್ಲಿ ಕಲಸಿ ಒದ್ದೆ ಗೋಣಿಚೀಲ ಹೊದಿಸುತ್ತೇನೆ. ದಿನಾ ಬೆಳಿಗ್ಗೆ ಹಾಲು ಕರೆದು ಬರುವಾಗ ಒಂದು ಮುಷ್ಟಿ ತೆಗೆದು ಹಿಂಡಿ ನೋಡುತ್ತೇನೆ, ಉಂಡೆ ಕಟ್ಟಬೇಕು, ಆದರೆ ಬೆರಳ ಸಂದಿಯಿಂದ ನೀರು ಇಳಿಯಬಾರದು, ಒಣಗಿದ್ದರೆ ಒಂದೆರಡು ಚೊಂಬು ನೀರು ಚಿಮುಕಿಸಿ ಮತ್ತೆ ಮುಚ್ಚುತ್ತೇನೆ. ನಾಲ್ಕೈದು ದಿನಕ್ಕೆ ಬಿಳಿ ನೂಲಿನಂತೆ ಕಾಣುತ್ತದೆ. ವಾರ ಕಳೆದು ಗೋಣಿ ಎತ್ತಿದರೆ ರಾಶಿಯೆಲ್ಲ ಹಸಿರು! ಟ್ರೈಕೋಡರ್ಮಾ ಬೆಳೆದಿದೆ ಅಂತ ಅರ್ಥ. ಮೊದಲ ವರ್ಷ ಅತ್ತೆ ನೋಡಿ, ಗೊಬ್ಬರಕ್ಕೆ ಬೂಸ್ಟು ಹಿಡಿದಿದೆ, ಚೆಲ್ಲಿಬಿಡು ಅಂದಿದ್ದರು. ಈಗ ನನಗಿಂತ ಮೊದಲು ಅವರೇ ಗೋಣಿ ಎತ್ತಿ ನೋಡುತ್ತಾರೆ.

ಮೇ ಕೊನೆಗೆ ಒಂದೊಂದು ಬಳ್ಳಿಗೆ 2 ಕೆಜಿ ಹಾಕುತ್ತೇನೆ. ಬುಡ ಅಗೆಯುವುದಿಲ್ಲ. ಮೆಣಸಿನ ಬೇರು ಮೇಲ್ಮಣ್ಣಿನಲ್ಲೇ ಇರುತ್ತದೆ, ಹಾರೆ ತಾಗಿದರೆ ಆ ಗಾಯದಲ್ಲೇ ರೋಗ ಹೊಕ್ಕುತ್ತದೆ. ಸುಮ್ನೆ ಸುತ್ತ ಹರಡಿ ಮೇಲೆ ಬೆಟ್ಟದ ದರಕು (ಒಣ ಎಲೆ) ಮುಚ್ಚಿದರೆ ಸಾಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವುದಕ್ಕೂ ಇದಕ್ಕೂ ಹದಿನೈದು ದಿನವಾದರೂ ಅಂತರ ಇಡುತ್ತೇನೆ, ಅದು ಟ್ರೈಕೋಡರ್ಮಾಕ್ಕೂ ಆಗಿಬರುವುದಿಲ್ಲ.

ಮೂರು ವರ್ಷ ಹೀಗೆ ಚೆನ್ನಾಗಿಯೇ ನಡೆಯಿತು. ನಾಲ್ಕನೇ ವರ್ಷ ಪೇಟೆಯ ಒಂದು ಅಂಗಡಿಯಿಂದ ತಂದೆ. ತಗಡಿನ ಮಾಡಿನ ಕೆಳಗೆ, ಬೇಸಿಗೆ ಸೆಕೆಯಲ್ಲಿ, ಮೇಲಿನ ಹಲಗೆಯಲ್ಲಿ ಇಟ್ಟಿದ್ದ ಪ್ಯಾಕೆಟ್. ಹನ್ನೆರಡು ದಿನವಾದರೂ ಹಸಿರು ಬರಲಿಲ್ಲ. ಆಮೇಲೆ ತಾರೀಖು ನೋಡಿದರೆ ಅವಧಿ ಮುಗಿದು ಎರಡು ತಿಂಗಳಾಗಿತ್ತು. ಇದು ಜೀವ ಇರುವ ವಸ್ತು, ಸೆಕೆಗೆ ಸಾಯುತ್ತದೆ. ಮಾರುವವರಿಗೆ ಅಷ್ಟೂ ಗೊತ್ತಿರಬೇಡವೇ? ಮಳೆ ಬಂದೇಬಿಟ್ಟಿತು ಅಂತ ಅದನ್ನೇ ಹಾಕಿದೆ. ಆ ವರ್ಷ 22 ಬಳ್ಳಿ ಹೋದವು. ಕೆಳಗಿನ ಬಸಿಗಾಲುವೆ ಹೂಳು ತುಂಬಿ ನೀರು ನಿಂತಿದ್ದೂ ನಿಜ, ಹಾಗಾಗಿ ಪೂರ್ತಿ ತಪ್ಪನ್ನು ಪುಡಿಯ ಮೇಲೆ ಹಾಕಲಾರೆ. ನೀರು ನಿಂತ ಜಾಗದಲ್ಲಿ ಯಾವುದನ್ನು ಸುರಿದರೂ ಅಷ್ಟೆ. ಎಲೆ ಹಳದಿಯಾಗಿ ಉದುರಲು ಶುರುವಾದ ಬಳ್ಳಿಯನ್ನೂ ಇದು ಉಳಿಸಿಕೊಟ್ಟಿಲ್ಲ.

ಪುಡಿಗೆ ಖರ್ಚು ಜಾಸ್ತಿ ಇಲ್ಲ. ಹಿಂಡಿಗೆ ಮತ್ತು ಹೊರುವ ಆಳಿಗೇ ದುಡ್ಡು ಹೋಗುವುದು. ನಮಗೆ 300 ಬಳ್ಳಿ, ಅಂದರೆ ಆರು ರಾಶಿ, ಮನೆಯಲ್ಲಿ ದನ ಇರುವುದರಿಂದ ತೂಗಿಸುತ್ತೇನೆ. ಸಗಣಿ ಗೊಬ್ಬರವನ್ನೂ ಲೋಡ್ ಲೆಕ್ಕದಲ್ಲಿ ಕೊಳ್ಳುವವರು ಮೊದಲು ಐವತ್ತು ಬಳ್ಳಿಗೆ ಮಾಡಿ ನೋಡಿ. ಪುಡಿ ತರುವಾಗ ತಯಾರಾದ ತಾರೀಖನ್ನು ಅಂಗಡಿಯಲ್ಲೇ ನಿಂತು ಓದಿ.

ಈ ವರ್ಷದ ಮೊದಲ ರಾಶಿಗೆ ಇವತ್ತು ಐದನೇ ದಿನ. ಬೆಳಿಗ್ಗೆ ಗೋಣಿ ಎತ್ತಿದಾಗ ಬಿಳಿ ನೂಲು ಕಂಡಿತು.