ಚಳಿಗಾಲದ ಕಿಟಕಿಗೆ ಯಾವ ಗಿಡ?

ಹಿಮ ಬೀಳುವ ಊರಲ್ಲಿ ಚಳಿಗಾಲದ ತೋಟವನ್ನು ನಾವು ನೋಡುವುದು ಕಿಟಕಿಯ ಒಳಗಿನಿಂದ. ಇದು ತಲೆಗೆ ಹೊಳೆಯುವಷ್ಟರಲ್ಲಿ, ಚಳಿಯಲ್ಲೇ ಹೂ ಬಿಡುವ ವಿಚ್ ಹೇಜಲ್ ಗಿಡವನ್ನು ಹಿತ್ತಲಿನ ತುದಿಯಲ್ಲಿ ನೆಟ್ಟಾಗಿತ್ತು. ಎಲೆ ಉದುರಿದ ಮೇಲೂ ನೋಡಲಿಕ್ಕೇನಾದರೂ ಇರಲಿ ಅಂತ ಹಾಕಿದ್ದು ಅದೂ ಸೇರಿ ನಾಲ್ಕು: ಕೆಂಪು ಕಡ್ಡಿಯ ಡಾಗ್‌ವುಡ್, ಕೆಂಪು ಕಾಯಿಯ ವಿಂಟರ್‌ಬೆರಿ, ಹಿಮಾಲಯದ ಬಿಳಿ ಬರ್ಚ್. ಆರು ಚಳಿಗಾಲ ಕಳೆದಿವೆ.

ವಿಚ್ ಹೇಜಲ್ ಹೂವಿನ ಸೊಗಸೇ ಬೇರೆ. ಚಿಂದಿ ರಿಬ್ಬನ್ನಿನಂಥ ನಾಲ್ಕು ಎಸಳು. ಮಂಜುಗಟ್ಟಿದರೆ ಸುರುಳಿ ಸುತ್ತಿಕೊಂಡು ಮುದುಡುತ್ತವೆ, ಬಿಸಿಲೇರಿದ ಮೇಲೆ ಮತ್ತೆ ಬಿಚ್ಚಿಕೊಳ್ಳುತ್ತವೆ. ಆದರೆ ನಾನು ಆರಿಸಿದ್ದು ತಾಮ್ರದ ಬಣ್ಣದ 'ಜೆಲೆನಾ' ತಳಿ. ಹತ್ತಿರ ಹೋದರೆ ಬೆಂಕಿ, ಕಿಟಕಿಯಿಂದ ನೋಡಿದರೆ ಉದುರದೆ ಉಳಿದ ಒಣ ಎಲೆ! ದೂರಕ್ಕೆ ಹಳದಿಯೇ ಸರಿ. ಪರಿಮಳವೂ ಬೇಕೆಂದರೆ 'ಪ್ಯಾಲಿಡಾ' ತಂದು ಬಾಗಿಲ ಪಕ್ಕ ನೆಡಿ. ಕಸಿ ಗಿಡವಾದ್ದರಿಂದ ಬುಡದಿಂದ ಬೇರೆ ಚಿಗುರು ಏಳುತ್ತದೆ. ಅದನ್ನು ಆಗಲೇ ಕಿತ್ತುಹಾಕಬೇಕು.

ವಿಂಟರ್‌ಬೆರಿ ಎರಡು ವರ್ಷ ಒಂದು ಕಾಯಿಯನ್ನೂ ಕೊಡಲಿಲ್ಲ. ತಪ್ಪು ನನ್ನದೇ. ಇದರಲ್ಲಿ ಗಂಡು ಹೆಣ್ಣು ಬೇರೆ ಬೇರೆ ಗಿಡ, ಎರಡೂ ಒಂದೇ ಹೊತ್ತಿಗೆ ಹೂ ಬಿಡಬೇಕು. ನನ್ನ ಹೆಣ್ಣು ಗಿಡ 'ರೆಡ್ ಸ್ಪ್ರೈಟ್'ಗೆ ಗಂಡು 'ಜಿಮ್ ಡ್ಯಾಂಡಿ' ಜೊತೆಯಾದ ಮೇಲೆ ಬರಿ ಕೊಂಬೆಯ ತುಂಬ ಕೆಂಪು ಮಣಿ. ಹಿಮದ ಮೇಲೆ ಅದಕ್ಕೆ ಸಾಟಿಯಿಲ್ಲ, ಹಕ್ಕಿಗಳ ಹಿಂಡು ಬರುವ ತನಕ. ಹೋದ ಸಲ ಬೆಳಗಿನ ಕಾಫಿ ಮುಗಿಯುವಷ್ಟರಲ್ಲಿ ಅರ್ಧ ಗಿಡ ಖಾಲಿ.

ಬರ್ಚ್ ಎಂದರೆ ನಮ್ಮ ಹಳಬರ ಭೂರ್ಜವೃಕ್ಷವೇ, ಹಿಂದೆ ಇದರ ತೊಗಟೆಯ ಮೇಲೆ ಗ್ರಂಥ ಬರೆಯುತ್ತಿದ್ದರು. ಎಳೆಯ ಮರದ ಕಾಂಡ ಮಾಸಲು ಕಂದು. ನನ್ನದು ಈಗಷ್ಟೇ ಬೆಳ್ಳಗಾಗುತ್ತಿದೆ. ಇದಕ್ಕೆ ಬೇಕಾದ್ದು ಜಾಗ ಮತ್ತು ತಾಳ್ಮೆ. ಚಳಿಗಾಲದ ಕೊನೆಯಲ್ಲಿ ಮಾತ್ರ ಕೊಂಬೆ ಕಡಿಯಬೇಡಿ, ರಸ ಸೋರುತ್ತದೆ.

ಹಾಗಾಗಿ ನನ್ನ ಓಟು ಡಾಗ್‌ವುಡ್‌ಗೆ, ಅದರಲ್ಲೂ 'ಸಿಬಿರಿಕಾ'ಗೆ. ಬೇಸಿಗೆಯಲ್ಲಿ ಅದರತ್ತ ತಿರುಗಿಯೂ ನೋಡುವುದಿಲ್ಲ, ನಿಜ. ಎಲೆ ಬಿದ್ದ ಮರುದಿನದಿಂದ ವಸಂತದವರೆಗೆ ಆ ಕಡ್ಡಿಗಳು 30 ಅಡಿ ದೂರಕ್ಕೂ ಕಣ್ಣಿಗೆ ಹೊಡೆಯುತ್ತವೆ. ಮೋಡ ಕವಿದ ದಿನವೂ, ಹಕ್ಕಿ ಬಂದು ಹೋದ ಮೇಲೂ. ಗುಟ್ಟಿರುವುದು ಕತ್ತರಿಯಲ್ಲಿ. ಬಣ್ಣ ಬರುವುದು ಎಳೆ ಕಡ್ಡಿಗೆ. ಒಂದು ವರ್ಷ ಧೈರ್ಯ ಸಾಲದೆ ಅರ್ಧ ಪೊದೆಯನ್ನು ಹಾಗೇ ಬಿಟ್ಟಿದ್ದೆ: ಸವರಿದ ಕಡೆ ಕುಂಕುಮ, ಬಿಟ್ಟ ಕಡೆ ಬೂದು. ನೆಟ್ಟ ಮೊದಲೆರಡು ವರ್ಷ ಮುಟ್ಟಬೇಡಿ, ಆಮೇಲೆ ಪ್ರತಿ ವಸಂತದ ಆರಂಭಕ್ಕೆ ಗೇಣುದ್ದ ಉಳಿಸಿ ಸವರಿ. ಇದೇ ಬಳಗದ 'ಮಿಡ್‌ವಿಂಟರ್ ಫೈರ್' ಇನ್ನೂ ಚೆಂದ, ಬುಡ ಹಳದಿ, ತುದಿ ಕೆಂಪು. ಆದರೆ ಅಷ್ಟು ಕಡಿದರೆ ಸೊರಗುತ್ತದೆ, ವರ್ಷಕ್ಕೆ ಮೂರನೇ ಒಂದು ಪಾಲು ಸಾಕು.

ಸವರಿದ ಕಡ್ಡಿಗಳಲ್ಲಿ 12 ಆರಿಸಿ ಮಣ್ಣಿಗೆ ಚುಚ್ಚಿದ್ದೆ; 9 ಬೇರು ಬಿಟ್ಟಿವೆ. ಅವೆಲ್ಲ ಬರ್ಚ್‌ನ ಬಿಳಿ ಕಾಂಡದ ಸುತ್ತ ಹೋಗುತ್ತವೆ.