ಆರ್‌ವಿ ಇರುವವರಿಗೆ ಯಾವ ಕಮರಿ? ನನ್ನ ಮತ ಲಿಟಲ್ ವೈಲ್ಡ್ ಹಾರ್ಸ್‌ಗೆ

ಆರ್‌ವಿ, ಅಂದರೆ ಒಳಗೇ ಉಳಿದುಕೊಳ್ಳಬಹುದಾದ ಮನೆಗಾಡಿ, ಬಾಡಿಗೆಗೆ ಹಿಡಿದು, ಗೆಳೆಯರ ಗುಂಪು ಕಟ್ಟಿಕೊಂಡು ಅಮೆರಿಕದ ನೈರುತ್ಯ ಮರುಭೂಮಿಗೆ ಹೊರಟವರು ಯಾವ ಸ್ಲಾಟ್ ಕ್ಯಾನ್ಯನ್ (ನೀರು ಕೊರೆದ ಕಿರಿದಾದ, ಆಳವಾದ ಕಮರಿ) ನೋಡಬೇಕೆಂದು ಕೇಳಿದರೆ ನಾನು ಹೇಳುವ ಹೆಸರು ಒಂದೇ: ಯೂಟಾದ ಗಾಬ್ಲಿನ್ ವ್ಯಾಲಿ ಉದ್ಯಾನದ ಪಕ್ಕದ ಲಿಟಲ್ ವೈಲ್ಡ್ ಹಾರ್ಸ್. ಅರಿಜೋನಾದ ಪೇಜ್ ಊರಿನ ಲೋವರ್ ಆಂಟಿಲೋಪ್, ಯೂಟಾ-ಅರಿಜೋನಾ ಗಡಿಯ ವೈರ್ ಪಾಸ್ ಎರಡನ್ನೂ ನಡೆದು ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಬಣ್ಣ, ಬೆಳಕಿನ ಲೆಕ್ಕದಲ್ಲಿ ಆಂಟಿಲೋಪ್‌ಗೆ ಸಾಟಿಯಿಲ್ಲ. ಆದರೆ ಅಲ್ಲಿ ಅಲ್ಲಿನ ಮೂಲನಿವಾಸಿಗಳಾದ ನವಾಹೋ ಜನರ ಮಾರ್ಗದರ್ಶಕರಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಅದು ಸರಿಯೇ. 1997ರ ಆಗಸ್ಟ್‌ನಲ್ಲಿ ದೂರದಲ್ಲೆಲ್ಲೋ ಸುರಿದ ಮಳೆಯ ನೀರು ನುಗ್ಗಿ ಅಲ್ಲಿ 11 ಮಂದಿ ಸತ್ತಿದ್ದಾರೆ. ಬೆನ್ನಿನ ಚೀಲ ಒಯ್ಯುವಂತಿಲ್ಲ, ಹಿಂದೆಯೇ ಇನ್ನೊಂದು ಗುಂಪು ಬರುತ್ತಿರುತ್ತದೆ, ನಿಂತು ನೋಡಲು ಬಿಡುವಿಲ್ಲ. ಸಮಯದ ಗೊಂದಲ ಬೇರೆ. ಬೇಸಿಗೆಯಲ್ಲಿ ಯೂಟಾದ ಗಡಿಯಾರ ಅರಿಜೋನಾಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ಗಡಿಯಲ್ಲಿ ಮೊಬೈಲ್ ಯಾವ ಟವರ್ ಹಿಡಿಯುತ್ತದೋ ಆ ಸಮಯ ತೋರಿಸುತ್ತದೆ. ಟಿಕೆಟ್‌ನಲ್ಲಿರುವುದು ಪೇಜ್ ಊರಿನ ಸಮಯ. ಕೈಗಡಿಯಾರ ಕಟ್ಟಿಕೊಂಡು ಹೋಗಿ.

ವೈರ್ ಪಾಸ್‌ನ ಕಥೆ ಬೇರೆ. ನಡಿಗೆ ಚಿಕ್ಕದು, ಒಂದು ಕಡೆಗೆ ಮೂರು ಕಿಲೋಮೀಟರ್‌ಗೂ ಕಡಿಮೆ. ನಡುವೆ ಆಳೆತ್ತರಕ್ಕೂ ಮಿಗಿಲಾದ ಒಂದು ಇಳಿತ. ಕುಳಿತು ಜಾರಿ, ಕೆಳಗೆ ನಿಂತ ಗೆಳೆಯನ ಹೆಗಲಿಗೆ ಕಾಲು ಕೊಟ್ಟು ಇಳಿದೆವು. ಕೊನೆಗೆ ಬಕ್‌ಸ್ಕಿನ್ ಗಲ್ಚ್ ಸೇರುವ ಕಡೆ ಬಂಡೆಯ ಮೇಲೆ ಕೊಂಬಿನ ಕಾಡುಕುರಿಗಳ ಹಳೆಯ ಕೆತ್ತನೆ. ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ ಆ ಕಮರಿಯೊಳಗೆ ಸ್ವಲ್ಪ ದೂರ ಹೋಗಿ ಬಂದರೂ ಮನಸ್ಸು ತುಂಬುತ್ತದೆ. ದಿನದ ಪರ್ಮಿಟ್ ಬೇಕು.

ತೊಂದರೆಯೆಲ್ಲ ಅಲ್ಲಿಗೆ ತಲುಪುವ ದಾರಿಯದು. 89ನೇ ಹೆದ್ದಾರಿಯಿಂದ ಹೌಸ್ ರಾಕ್ ವ್ಯಾಲಿ ರಸ್ತೆಯಲ್ಲಿ ಸುಮಾರು 13 ಕಿಲೋಮೀಟರ್ ಬರೀ ಮಣ್ಣು. ಒಣಗಿದ್ದರೆ ಏರುತಗ್ಗಿನ ಸಾಲುಗಳ ಮೇಲೆ ಹಲ್ಲು ಕಟಕಟ ಎನ್ನುವಂತೆ ಗಾಡಿ ಅದುರುತ್ತದೆ. ಮಳೆ ಬಿದ್ದರೆ ಜೇಡಿಮಣ್ಣು ಚಕ್ರಕ್ಕೆ ಮೆತ್ತಿಕೊಂಡು ದೊಡ್ಡ ಗಾಡಿಗಳೂ ಹೂತುಕೊಳ್ಳುತ್ತವೆ. ನಮ್ಮ ಬಾಡಿಗೆ ಕರಾರಿನಲ್ಲಿ ಡಾಂಬರು ಬಿಟ್ಟು ಇಳಿದರೆ ವಿಮೆ ಅನ್ವಯಿಸುವುದಿಲ್ಲ ಎಂದು ಬರೆದಿತ್ತು. ಬಾಡಿಗೆ ಆರ್‌ವಿಗಳಿಗೆ ಇಂಥ ಷರತ್ತು ಸಾಮಾನ್ಯ.

ಹಾಗಾಗಿ ಆರ್‌ವಿಯನ್ನು ಕನಾಬ್ ಊರಿನಲ್ಲಿ ನಿಲ್ಲಿಸಿ, ಆ ದಿನಕ್ಕೆ ಎರಡು ಜೀಪ್ ಹಿಡಿದೆವು. ಆರ್‌ವಿಯ ಬಾಡಿಗೆ, ಅದು ನಿಂತ ಜಾಗದ ಬಾಡಿಗೆ, ಜೀಪಿನ ಬಾಡಿಗೆ, ಮೂರೂ ಒಂದೇ ದಿನಕ್ಕೆ! ಹಣಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಬೇರೆ. ಅಡುಗೆಮನೆ, ಶೌಚಾಲಯ, ಹಾಸಿಗೆ ಎಲ್ಲವೂ ಜೊತೆಗೆ ಬರುತ್ತವೆಂದೇ ಆರ್‌ವಿ ಹಿಡಿಯುವುದು. ಬಿಸಿಲಲ್ಲಿ ಬಸವಳಿದು ಬಂದಾಗ ಅದು ಎಲ್ಲೋ ದೂರದ ಊರಿನಲ್ಲಿ ನಿಂತಿರುತ್ತದೆ. ಗೆಳೆಯನ ಅಮ್ಮ ಮಂಡಿ ಹಿಡಿದುಕೊಂಡು ಆ ಕುಲುಕಾಟದಲ್ಲಿ ಮರಳುವುದನ್ನು ನೋಡಿ ನನಗೆ ಸಂಕಟವಾಯಿತು.

ಲಿಟಲ್ ವೈಲ್ಡ್ ಹಾರ್ಸ್‌ಗೆ ಗಾಬ್ಲಿನ್ ವ್ಯಾಲಿ ತಿರುವಿನಿಂದ ಎಂಟೊಂಬತ್ತು ಕಿಲೋಮೀಟರ್. ಹೆಚ್ಚುಕಡಿಮೆ ಪೂರ್ತಿ ಡಾಂಬರು. ನಮ್ಮ 25 ಅಡಿಯ ಗಾಡಿ ನಡಿಗೆಯ ಬಾಯಿಗೇ ಹೋಗಿ ನಿಂತಿತು. ಟಿಕೆಟ್ ಇಲ್ಲ, ಪರ್ಮಿಟ್ ಇಲ್ಲ. ಸ್ವಲ್ಪ ದೂರದಲ್ಲೇ ದಾರಿ ಕವಲೊಡೆಯುತ್ತದೆ. ಬಲಕ್ಕೆ ಹೋದರೆ ಇದು, ಎಡಕ್ಕೆ ಹೋದರೆ ಬೆಲ್ ಕ್ಯಾನ್ಯನ್. ಎರಡನ್ನೂ ಸೇರಿಸಿ ಸುತ್ತಿದರೆ ಸುಮಾರು 13 ಕಿಲೋಮೀಟರ್. ನಡುವಿನ ಹಳೆಯ ಜೀಪ್ ದಾರಿಯಲ್ಲಿ ನೆರಳೇ ಇಲ್ಲ, ಹಿರಿಯರಿದ್ದರೆ ಸುತ್ತು ಬಿಟ್ಟು ಬಂದ ದಾರಿಯಲ್ಲೇ ಹಿಂತಿರುಗಿ.

ಕಮರಿ ಕಿರಿದಾಗುತ್ತಾ ಹೋದಂತೆ ಚೀಲವನ್ನು ಎದೆಗೆ ಹಾಕಿಕೊಂಡು ಅಡ್ಡಡ್ಡ ನಡೆಯಬೇಕು. ಗೋಡೆಯ ತುಂಬ ಜೇನುಗೂಡಿನಂತೆ ತೂತುಗಳು. ಒಂದು ಕಡೆ ಗೋಡೆಗಳೆರಡೂ ಒಂದೇ ದಿಕ್ಕಿಗೆ ವಾಲಿರುವುದರಿಂದ ಮೈಯನ್ನೂ ಓರೆ ಮಾಡಿ, ಎರಡೂ ಅಂಗೈ ಕಲ್ಲಿಗೆ ಊರಿ, ಒಂದು ಹೆಜ್ಜೆಯ ಮುಂದೆ ಇನ್ನೊಂದನ್ನು ನೇರವಾಗಿ ಇಡಬೇಕು. ಮುಂದಿದ್ದ ಗೆಳತಿ "ಇಲ್ಲಿ ನೀರಿದೆ, ಬೂಟು ಬಿಚ್ಚಿ" ಎಂದು ಕೂಗಿದ್ದು ಎರಡು ತಿರುವುಗಳಾಚೆಯಿಂದ ಸ್ಪಷ್ಟವಾಗಿ ಕೇಳಿಸಿತು. ಆಂಟಿಲೋಪ್‌ನ ಗದ್ದಲದಲ್ಲಿ ಇದು ಸಿಗುವುದಿಲ್ಲ. ಹೊರಬಂದ ಐದೇ ನಿಮಿಷಕ್ಕೆ ತಣ್ಣನೆಯ ಮಜ್ಜಿಗೆ, ಚಿತ್ರಾನ್ನ, ಕಾಲು ಚಾಚಲು ಹಾಸಿಗೆ.

ಗಾಬ್ಲಿನ್ ವ್ಯಾಲಿಯ ಬಿಡಾರದಲ್ಲಿ ಸ್ನಾನದ ಮನೆಯಿದೆ, ಆರ್‌ವಿಗೆ ವಿದ್ಯುತ್ ಸಂಪರ್ಕವಿಲ್ಲ. 2016ರಿಂದ ಆ ಉದ್ಯಾನ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್, ಅಂದರೆ ಕೃತಕ ಬೆಳಕು ಕಡಿಮೆಯಿರುವ ಜಾಗ, ರಾತ್ರಿ ಆಕಾಶಗಂಗೆ ಬರಿಗಣ್ಣಿಗೆ ಕಾಣುತ್ತದೆ. ಜಾಗ ಕೆಲವೇ ಇರುವುದರಿಂದ ತಿಂಗಳುಗಳ ಮೊದಲೇ ಕಾದಿರಿಸಿ. ಏಪ್ರಿಲ್ ಅಥವಾ ಅಕ್ಟೋಬರ್ ಒಳ್ಳೆಯದು. ಸುತ್ತಮುತ್ತ ಎಲ್ಲೇ ಗುಡುಗಿನ ಮುನ್ಸೂಚನೆ ಇದ್ದರೂ ಕಮರಿಗೆ ಇಳಿಯಬೇಡಿ.

ಸ್ವಂತ ಜೀಪ್ ಇದ್ದು ಡೇರೆಯಲ್ಲಿ ಮಲಗುವವರಾದರೆ ವೈರ್ ಪಾಸ್‌ಗೆ ಧಾರಾಳವಾಗಿ ಹೋಗಿ. ಒಂದೇ ದಿನ ಬಿಡುವಿದ್ದು ಫೋಟೊ ಮುಖ್ಯವಾದರೆ ಆಂಟಿಲೋಪ್. ಮಕ್ಕಳು, ಹಿರಿಯರು, ಪಾತ್ರೆಪಡಗದ ಸಮೇತ ಹೊರಡುವ ನಮ್ಮಂಥವರು ಹ್ಯಾಂಕ್ಸ್‌ವಿಲ್ ಊರಿನಲ್ಲಿ ಇಂಧನ ತುಂಬಿಸಿಕೊಂಡು ಉತ್ತರಕ್ಕೆ, ಲಿಟಲ್ ವೈಲ್ಡ್ ಹಾರ್ಸ್‌ನತ್ತ ತಿರುಗಿದರೆ ಸಾಕು.